ಹಾಲಮ್ಮ ಹೊಲಿದ ನಾಲ್ಕು ಹೊದಿಕೆ

ಕೇಳಿ, ಕೇಳಿ. ಕೂತೋರು ಒಂಚೂರು ಸರಿದು ಕೂರಿ, ನಿಂತೋರಿಗೂ ಜಾಗ ಆಗಲಿ.

ದಾವಣಗೆರೆಗೂ ಹರಿಹರಕ್ಕೂ ನಡುವೆ ಒಂದು ಊರು. ಊರ ಮುಂದೆ ಹೆದ್ದಾರಿ. ಹೆದ್ದಾರಿ ಪಕ್ಕ ತಗಡಿನ ಶೆಡ್ಡು. ಶೆಡ್ಡಿನೊಳಗೆ ಹೊಲಿಗೆ ಮಷೀನು. ಮಷೀನಿನ ಮುಂದೆ ಹಾಲಮ್ಮ. ಹಾಲಮ್ಮ ಹೊಲಿಯೋದು ರವಿಕೆಯಲ್ಲ, ಲಂಗವಲ್ಲ. ಲಾರಿಗೆ ಹೊದಿಸೋ ತಾಡಪಾಲು. ಗೇಣುದ್ದದ ದಬ್ಬಣ, ಹುರಿಯಂಥ ದಾರ. ಬೆಳಿಗ್ಗೆ ತಲೆ ಬಗ್ಗಿಸಿ ಕೂತಳು ಅಂದರೆ ಎದುರಿಗೆ ಆನೆ ಹೋದರೂ ಎತ್ತಿ ನೋಡೋಳಲ್ಲ.

ಅವಳಿಗೆ ಒಬ್ಬನೇ ಮಗ, ತಿಪ್ಪೇಶಿ. ಇಪ್ಪತ್ನಾಲ್ಕು ವರ್ಷ. ಎತ್ತಿನಂಥ ಮೈ, ಕರುವಿನಂಥ ಕಣ್ಣು. ಹೇಳಿದ್ದನ್ನ ಹೇಳಿದಷ್ಟೇ ಮಾಡೋನು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿಯಿಲ್ಲ. ಒಲೆ ಮೇಲಿನ ಹಾಲು ನೋಡ್ತಾ ಇರು ಅಂದರೆ, ಹಾಲು ಉಕ್ಕಿ, ಒಲೆ ಆರಿಸಿ, ನೆಲಕ್ಕೆ ಇಳಿದು, ಹೊಸ್ತಿಲು ದಾಟೋ ತನಕ ನೋಡ್ತಾನೇ ಇರೋನು.

"ಉಕ್ಕಿತಲ್ಲಲೇ!"

"ಹೂಂನವ್ವಾ. ಪೂರ್ತಿ ನೋಡಿದೆ!"

ಅಯ್ಯೋ ಅಂತ ಹಣೆ ಚಚ್ಚಿಕೊಳ್ಳೋಳು ಹಾಲಮ್ಮ. ಇನ್ನೇನು ಮಾಡ್ತಾಳೆ?

ಅವಳ ಗಂಡ ಅಂಜಿನಪ್ಪ ತೀರಿಕೊಂಡು ಎರಡು ವರ್ಷ. ಬಿಟ್ಟುಹೋಗಿದ್ದು ಒಂದು ಬಿಳೀ ಪಿಕಪ್ ಗಾಡಿ, ಒಂದು ಮಾತು. "ಗಾಡಿ ಮಾರಬೇಡ ಹಾಲೀ. ಎಲ್ಲಾರೂ ಇವನ್ನ ಪೆದ್ದ ಅಂತಾರೆ. ಸ್ಟೇರಿಂಗ್ ಹಿಡಿದಾಗ ಮಾತ್ರ ಇವನು ಯಾರಿಗೂ ಕಮ್ಮಿಯಿಲ್ಲ."

ಅದು ನಿಜ. ಗಾಡಿ ಓಡಿಸೋದರಲ್ಲಿ ತಿಪ್ಪೇಶಿಗೆ ಬೊಟ್ಟು ಮಾಡೋ ಹಾಗಿರಲಿಲ್ಲ. ಎಮ್ಮೆ ಅಡ್ಡ ಬಂದರೆ ನಿಲ್ಲಿಸೋನು. ಎಮ್ಮೆ ಹೋದರೂ ಅದರ ಕರು ಬರಲಿ ಅಂತ ಕಾಯೋನು. ತೊಡಕು ಇದ್ದದ್ದು ಮುಂದೆ ಅಲ್ಲ, ಹಿಂದೆ. ಗಾಡಿಯ ಬಾಡಿ ತೆರೆದ ಬಾಡಿ. ಮಾಲು ತುಂಬಿದ ಮೇಲೆ ಏನು ಹೊದಿಸಬೇಕು? ಅದು ಅವನಿಗೆ ತಿಳೀತಿರಲಿಲ್ಲ.

ಅಂಜಿನಪ್ಪ ಇದ್ದಾಗ ಮಾಲು ತುಂಬಿದ ಮೇಲೆ ಗಾಡಿಗೆ ಒಂದು ಸುತ್ತು ಬರೋನು. ಆಮೇಲೆ ಮಾಲಿನ ಮೇಲೆ ಅಂಗೈ ಇಟ್ಟು ನಿಲ್ಲೋನು, ಮಗುವಿಗೆ ಜ್ವರ ನೋಡೋ ಹಾಗೆ. "ಏನಂತೆ ನಿಮ್ಮ ಮಾಲು? ನೆಗಡಿಯಂತಾ?" ಅಂತ ಹಾಲಮ್ಮ ಕೂತಲ್ಲಿಂದಲೇ ನಗೋಳು. ಅವನು ನಕ್ಕು, ಇದಕ್ಕೆ ಇದು ಅಂತ ಹೊದಿಸಿ ಹೊರಡೋನು. ಆ ಅಂಗೈ ಏನು ಕೇಳ್ತಿತ್ತು ಅಂತ ಹಾಲಮ್ಮ ಒಂದು ದಿನವೂ ವಿಚಾರಿಸಲಿಲ್ಲ. ಈಗ ವಿಚಾರಿಸೋಣ ಅಂದರೆ ಅವನಿಲ್ಲ.

'ನಾನೂ ಹೋದ ಮೇಲೆ ಇವನಿಗೆ ಹೇಳೋರು ಯಾರು? ಅಷ್ಟರೊಳಗೆ ಇವನು ತಾನಾಗೇ ಒಂದು ಮಾಲು ನೆಟ್ಟಗೆ ಮುಟ್ಟಿಸೋದು ಕಲಿಯಬೇಕು' — ಅವಳ ತಲೇಲಿ ಇದ್ದದ್ದು ಇದೊಂದೇ.

ಮೊದಲನೇ ಬಾಡಿಗೆ ಬಂತು. ಬಾಬಾಜಾನ್ ಸಾಹೇಬರ ಭಟ್ಟಿಯಿಂದ ಹರಿಹರಕ್ಕೆ ಮಂಡಕ್ಕಿ. ಬಿಸಿ ಆರಲಿ ಅಂತ ಚೀಲದ ಬಾಯಿ ಹೊಲಿದಿರಲಿಲ್ಲ.

"ಅವ್ವಾ, ಹೋಗಿ ಬರಲಾ?"

"ಹೋಗಿ ಬಾ," ಅಂದಳು ಹಾಲಮ್ಮ. ಮಷೀನು ತುಳೀತಿದ್ದಳು. ಎದ್ದು ನೋಡಲಿಲ್ಲ.

ಮುಚ್ಚು ಅಂತ ಯಾರೂ ಹೇಳಲಿಲ್ಲ, ತಿಪ್ಪೇಶಿ ಮುಚ್ಚಲಿಲ್ಲ. ಗಾಡಿ ಹೊರಟಿತು, ಗಾಳಿ ಎದ್ದಿತು. ಹೆದ್ದಾರಿ ತುಂಬ ಮಂಡಕ್ಕಿ! ಹಿಂದೆ ಬರೋ ಬಸ್ಸಿನ ಗಾಜಿನ ಮೇಲೆ ಮಂಡಕ್ಕಿ, ಬೈಕಿನೋರ ಮೀಸೆ ಮೇಲೆ ಮಂಡಕ್ಕಿ! ಆ ಜಿಲ್ಲೆಯ ಗುಬ್ಬಿಯೆಲ್ಲ ದಿಬ್ಬಣ ಹೊರಟ ಹಾಗೆ ಗಾಡಿಯ ಹಿಂದೆ. ಹರಿಹರ ಮುಟ್ಟೋ ಹೊತ್ತಿಗೆ ಚೀಲಗಳು ಇದ್ದವು, ಚೀಲದೊಳಗೆ ಚೀಲದ ತಳ ಇತ್ತು.

"ಮುಚ್ಚಬಾರದೇನಲೇ!"

"ನೀನು ಮುಚ್ಚು ಅನ್ನಲಿಲ್ಲವಲ್ಲವ್ವಾ!"

"ಬಾಡಿ ಅಂದಮೇಲೆ ಮುಚ್ಚಬೇಕು! ಬಿಗಿಯಾಗಿ! ಸುತ್ತಲೂ ಹಗ್ಗ ಎಳೆದು ಕಟ್ಟಬೇಕು! ಇರುವೆ ನುಸುಳಬಾರದು, ಗಾಳಿ ನುಗ್ಗಬಾರದು, ತಿಳೀತಾ?"

"ತಿಳೀತವ್ವಾ. ಇರುವೆ ಇಲ್ಲ, ಗಾಳಿ ಇಲ್ಲ."

ಹಾಲಮ್ಮ ಕೂತು ಹಸಿರು ತಾಡಪಾಲು ಹೊಲಿದಳು. ಎರಡು ಪದರ, ಅಂಚಿಗೆ ಹಿತ್ತಾಳೆ ಬಳೆ, ಬಳೆಗೆ ಹಗ್ಗ. ಇನ್ನು ಚಿಂತೆಯಿಲ್ಲ ಅಂದುಕೊಂಡಳು.

ಎರಡನೇ ಬಾಡಿಗೆ ಬಂತು. ಕುರಿಗಾರ ಸಿದ್ದಲಿಂಗಪ್ಪನ ಹನ್ನೆರಡು ಕುರಿ, ಸಂತೆಗೆ.

"ಅವ್ವಾ, ಹೊದಿಸಲಾ?"

"ಹೊದಿಸಲೇ, ಅದಕ್ಕೇ ಅಲ್ಲವಾ ಹೊಲಿದಿದ್ದು!" ಅಂದಳು. ದಾರ ಪೋಣಿಸ್ತಿದ್ದಳು. ಎದ್ದು ನೋಡಲಿಲ್ಲ.

ಹೊದಿಸಿದ. ಹಗ್ಗ ಎಳೆದ. ಕಾಲು ಕೊಟ್ಟು ಇನ್ನೊಂದು ಸಲ ಎಳೆದ. ಸಿದ್ದಲಿಂಗಪ್ಪ ಎಲೆಯಡಿಕೆ ಮುಗಿಸಿ ಬಂದು ಮುಂದೆ ಕೂತ. ಒಂದು ಮೈಲಿ ಹೋದರು, ಎರಡು ಮೈಲಿ ಹೋದರು.

"ಏನೋ ತಮ್ಮಾ, ಕುರಿ ಸದ್ದೇ ಇಲ್ಲವಲ್ಲ?"

"ಇರುವೆ ಸದ್ದೂ ಇಲ್ಲ ನೋಡು ಯಜಮಾನ!" ಅಂದ ತಿಪ್ಪೇಶಿ, ಹೆಮ್ಮೆಯಿಂದ.

ಸಿದ್ದಲಿಂಗಪ್ಪ ಗಾಡಿ ನಿಲ್ಲಿಸೋಕೆ ಹೇಳಿ, ಇಳಿದು ಹಗ್ಗ ಕೊಯ್ದ. ಹನ್ನೆರಡು ಕುರಿ ಹನ್ನೆರಡು ಚೀಲದ ಹಾಗೆ ಬಿದ್ದಿದ್ದವು. ನೀರು ಎರಚಿ, ಮುಖಕ್ಕೆ ಊದಿ, ಟವೆಲ್ ಬೀಸಿ, ಒಂದೊಂದನ್ನೇ ಎಬ್ಬಿಸಿದರು. ಹನ್ನೊಂದು ಎದ್ದವು. ಒಂದು ಏಳಲಿಲ್ಲ. ತಿಪ್ಪೇಶಿ ಅದರ ತಲೆ ತೊಡೆ ಮೇಲಿಟ್ಟುಕೊಂಡು ರಸ್ತೆ ಬದಿ ಕೂತುಬಿಟ್ಟ. "ಇರುವೆ ಒಂದೂ ಬಂದಿಲ್ಲ ಏಳೇ, ಗಾಳೀನೂ ಬಂದಿಲ್ಲ ಏಳೇ," ಅಂತ ಅದಕ್ಕೆ ಹೇಳ್ತಾ ಇದ್ದನಂತೆ. ಸಿದ್ದಲಿಂಗಪ್ಪ ಬೈಯೋಕೆ ಬಾಯಿ ತೆಗೆದೋನು, ಅದನ್ನ ಕೇಳಿ ಸುಮ್ಮನಾದನಂತೆ.

ಹಾಲಮ್ಮ ಮಾತ್ರ ಸುಮ್ಮನಾಗಲಿಲ್ಲ.

"ಜೀವ ಇರೋದಕ್ಕೆ ಉಸಿರು ಬೇಡವೇನಲೇ! ಗಾಳಿ ಆಡಬೇಕು! ಬೆಳಕು ಬೀಳಬೇಕು! ಮೇಲೆ ಒಂದು ಬಲೆ ಹಾಕಿದರೆ ಸಾಕು!"

"ಸಾಕವ್ವಾ. ಬಲೆ ಹಾಕ್ತೀನಿ."

ಹಾಲಮ್ಮ ನೈಲಾನ್ ಹಗ್ಗ ಬಿಚ್ಚಿ, ಗಂಟಿಗೆ ಗಂಟು ಹಾಕಿ ಬಲೆ ಹೆಣೆದಳು.

ಮೂರನೇ ಬಾಡಿಗೆ ಏನು? ಕಲ್ಲುಪ್ಪು. ಬಾಡಿ ತುಂಬ. ಆಕಾಶ ಕರೀ ಕಂಬಳಿ ಹೊದ್ದು ನಿಂತಿತ್ತು. ತಿಪ್ಪೇಶಿ ಉಪ್ಪಿನ ಮೇಲೆ ಬಲೆ ಹಾಕಿ, ನಾಲ್ಕು ಮೂಲೆ ಕಟ್ಟಿ ಹೊರಟ. ಹಾಲಮ್ಮ ಎದ್ದು ನೋಡಲಿಲ್ಲ. ಸಂಜೆ ಅಂಗಡಿಯೋನು ಫೋನ್ ಮಾಡಿ ಕೂಗಾಡಿದ. ಅವಳು ಮಗನ್ನ ಕೇಳಿದಳು.

"ಉಪ್ಪೆಲ್ಲಿ ಹೋಯ್ತಲೇ?"

"ಚೆನ್ನಾಗಿ ಉಸಿರಾಡ್ಕೊಂಡು ಬರ್ತಾ ಇತ್ತವ್ವಾ. ಮಳೆ ಬಂತು. ದಾರೀಲೇ ಇಳಿದುಹೋಯ್ತು."

ಶೆಡ್ಡಿನಲ್ಲಿ ಕೂತಿದ್ದೋರು ಬಿದ್ದೂ ಬಿದ್ದೂ ನಕ್ಕರು. ತಿಪ್ಪೇಶಿಯೂ ನಕ್ಕ, ಎಲ್ಲರೂ ನಗ್ತಾರಲ್ಲ ಅಂತ. ಅದು ಹಾಲಮ್ಮನ ಕರುಳಿಗೆ ಹತ್ತಿತು. ಹತ್ತಿದ್ದಕ್ಕೇ ಇನ್ನೂ ಜೋರಾಗಿ ಬೈದಳು.

"ನೀರು ತಾಗಬಾರದು ಕಣಲೇ! ಒಂದು ಹನಿ ತಾಗಬಾರದು! ತಾಗಿತು ಅಂದರೆ ಒರೆಸಿಬಿಡು! ಪ್ಲಾಸ್ಟಿಕ್ ಹಾಳೆ ಸುತ್ತು!"

"ಒರೆಸ್ತೀನವ್ವಾ. ಸುತ್ತುತೀನವ್ವಾ."

ಪ್ಲಾಸ್ಟಿಕ್ ಹಾಳೆ ಜೋಡಿಸಿ ಮೂರನೇ ಹೊದಿಕೆ ಮಾಡಿಕೊಟ್ಟಳು.

ನಾಲ್ಕನೇ ಬಾಡಿಗೆಗೆ ಬಂದದ್ದು ವೀಳ್ಯದೆಲೆ. ತೋಟದ ಗುರುಶಾಂತಪ್ಪ ಎಲೆ ಪೆಂಡಿ ಕಟ್ಟಿ, ಚಿಮುಕ್ ಚಿಮುಕ್ ಅಂತ ನೀರು ಹಾಕಿ, ಗಾಡಿಗೇರಿಸಿ ಮನೆಗೆ ಹೋದ. ತಿಪ್ಪೇಶಿ ನೋಡಿದ. ಅಯ್ಯೋ, ನೀರು! ಗಾಡಿ ಮರದ ಕೆಳಗೆ ನಿಲ್ಲಿಸಿದ. ಹೆಗಲ ಮೇಲಿನ ಟವೆಲ್ ತೆಗೆದ. ಪೆಂಡಿ ಬಿಚ್ಚಿದ. ಒಂದು ಎಲೆ ತೆಗೆದ, ಈ ಕಡೆ ಒರೆಸಿದ, ಆ ಕಡೆ ಒರೆಸಿದ. ಇನ್ನೊಂದು ಎಲೆ ತೆಗೆದ, ಈ ಕಡೆ ಒರೆಸಿದ, ಆ ಕಡೆ ಒರೆಸಿದ. ಬೆಳಿಗ್ಗೆ ಕೂತೋನು ಮಧ್ಯಾಹ್ನದ ತನಕ ಒರೆಸಿದ. ಅಷ್ಟು ಎಲೆಯನ್ನ ಅಷ್ಟು ನಿಷ್ಠೆಯಿಂದ ಯಾರೂ ಒರೆಸಿರಲಿಕ್ಕಿಲ್ಲ. ಆಮೇಲೆ ಪ್ಲಾಸ್ಟಿಕ್ ಸುತ್ತಿ, ಸುಡುಬಿಸಿಲಲ್ಲಿ ಮಾರುಕಟ್ಟೆಗೆ ಹೊರಟ. ದಾರೀಲಿ ಹತ್ತು ಸಲ ನಿಲ್ಲಿಸಿ, ಹಾಳೆ ತೆಗೆದು, ಒಳಗೆ ಬೆವರಿದೆಯಾ ಅಂತ ನೋಡಿ, ಒರೆಸಿ, ಮತ್ತೆ ಸುತ್ತಿದ. ಮಾರುಕಟ್ಟೇಲಿ ಬಿಚ್ಚಿದರೆ ಎಲೆ ಬೆಂದು ಸೊಪ್ಪಿನ ಪಲ್ಯ ಆಗಿತ್ತು.

"ತಂಪಾಗಿ ಇಡಬೇಕಲ್ಲಲೇ!" ಕೂಗಿ ಕೂಗಿ ಹಾಲಮ್ಮನ ದನಿಯೇ ಬಿದ್ದುಹೋಗಿತ್ತು. "ಒದ್ದೆ ಗೋಣಿ ಹೊದಿಸಬೇಕು! ದಾರೀಲಿ ಕೆರೆ ಕಂಡಾಗೆಲ್ಲ ನೀರು ಹಾಕಬೇಕು! ಇನ್ನೊಂದು ಹೇಳ್ತೀನಿ, ನೆನಪಿಟ್ಕೋ. ಹೋಗೋ ಜಾಗ ಮುಟ್ಟಿ, ಇಳಿಸೋರು ಬಂದು ಕರೆಯೋ ತನಕ ಹೊದಿಸಿದ್ದನ್ನ ತೆಗೀಬೇಡ!"

"ತೆಗೆಯಲ್ಲವ್ವಾ. ಕರೆಯೋ ತನಕ ತೆಗೆಯಲ್ಲ."

ಗೋಣಿ ಬಿಚ್ಚಿ, ಒಂದಕ್ಕೊಂದು ಸೇರಿಸಿ ಹೊಲಿದಳು. ನಾಲ್ಕನೇ ಹೊದಿಕೆ.

ಇಷ್ಟರ ಹೊತ್ತಿಗೆ ಊರಲ್ಲಿ ಯಾರೂ ತಿಪ್ಪೇಶಿಯನ್ನ ಬಾಡಿಗೆಗೆ ಕರೀತಿರಲಿಲ್ಲ. ಕರೆದದ್ದು ಹಾಲಮ್ಮನ ಒಡಹುಟ್ಟಿದ ಅಣ್ಣ ಶೇಖರಪ್ಪ. ಮಗಳ ಮದುವೆ ಆಗಿತ್ತು. ಗಂಡನ ಮನೆಗೆ ಹಾಸಿಗೆ ಕಳಿಸಬೇಕಿತ್ತು. ಹೊಸ ಹತ್ತಿ ತುಂಬಿದ ಎರಡು ಗಾದಿ, ನಾಲ್ಕು ದಿಂಬು, ಕೆಂಪು ಸ್ಯಾಟಿನ್ ರಜಾಯಿ.

"ನಮ್ಮ ಹುಡುಗ ಅಲ್ಲವೇನಮ್ಮಾ, ನಾವೇ ಕೊಡದಿದ್ದರೆ ಇನ್ಯಾರು ಕೊಡ್ತಾರೆ?" ಅಂದ ಶೇಖರಪ್ಪ. ಆ ಮಾತಿಗೆ ಹಾಲಮ್ಮನ ಕಣ್ಣು ತುಂಬಿ ಬಂತು. ತುಂಬಿದ ಕಣ್ಣು ಅಣ್ಣನಿಗೆ ಕಾಣಬಾರದು ಅಂತ ಮಷೀನಿಗೆ ತಲೆ ಬಗ್ಗಿಸಿದಳು. ಅವತ್ತೂ ಎದ್ದು ನೋಡಲಿಲ್ಲ.

ದಾರೀಲಿ ಐದು ಕೆರೆ. ನಾನು ಹೇಳೋದೇ ಬೇಡ, ನಿಮಗೆ ಗೊತ್ತಾಯ್ತು.

ಐದು ಕೆರೆಗೆ ಐದು ಸಲ ಇಳಿದು, ಬಕೆಟ್ ತುಂಬಿ ತುಂಬಿ ಹುಯ್ದಿದ್ದ ಪುಣ್ಯಾತ್ಮ. ಬೀಗರ ಮನೆ ಮುಂದೆ ಗಾಡಿ ನಿಂತಾಗ ಗಾದಿ ತುಂಬು ಬಸುರಿ ಎಮ್ಮೆ ಹಾಗೆ ಉಬ್ಬಿ ಕೂತಿತ್ತು. ಆರು ಜನ ಎತ್ತಿದರೂ ಏಳಲಿಲ್ಲ. ರಜಾಯಿಯ ಬಣ್ಣ ಇಳಿದು, ಬೀಗರ ಅಂಗಳದ ರಂಗೋಲಿ ಮೇಲೆ ಕೆಂಪು ನೀರು ಹರೀತು. ಬೀಗಿತ್ತಿ ಸೆರಗು ಬಾಯಿಗೆ ಹಿಡಿದು, "ನಮ್ಮ ಸೊಸೆ ಈಜು ಕಲಿತು ಬಂದಿದಾಳಾ?" ಅಂದಳಂತೆ.

ಮಾರನೇ ಬೆಳಿಗ್ಗೆ ಶೇಖರಪ್ಪ ಶೆಡ್ಡಿಗೆ ಬಂದ. ಕೂಗಾಡಲಿಲ್ಲ. ಅದೇ ಕಷ್ಟ.

"ಹಾಲೀ, ಗಾಡಿ ಕೊಟ್ಟುಬಿಡಮ್ಮಾ. ರಾಣೆಬೆನ್ನೂರಿನ ಬಾಳೆಕಾಯಿ ವ್ಯಾಪಾರಿ ಫಕ್ಕೀರಪ್ಪ ಬಹಳ ದಿನದಿಂದ ಕೇಳ್ತಾವ್ನೆ. ಇವತ್ತೇ ಕರಕೊಂಡು ಬರ್ತೀನಿ. ಈ ಹುಡುಗನ ಕೈಲಿ ಆಗಲ್ಲ."

ಹಾಲಮ್ಮ ತುಳೀತಿದ್ದ ಮಷೀನು ನಿಲ್ಲಿಸಿದಳು. ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ಮಗನ ಕಡೆ ತಿರುಗಿದಳು.

"ಕೇಳಿದೇನಲೇ? ನಿಮ್ಮಪ್ಪನ ಗಾಡಿ! ಹೋಗು! ಇನ್ನು ಮೇಲೆ ನಿನ್ನ ಮುಖ ನನಗೆ ತೋರಿಸಬೇಡ!"

ಈ ಸಲ ತಿಪ್ಪೇಶಿ 'ಆಯ್ತವ್ವಾ' ಅನ್ನಲಿಲ್ಲ. ಕರುವಿನಂಥ ಕಣ್ಣು ಎರಡು ಸಲ ಮಿಟುಕಿಸಿದ. ಬಕೆಟ್ ಕೆಳಗಿಟ್ಟು ಹೊರಗೆ ಹೋದ.

ಹನ್ನೊಂದರ ಹೊತ್ತಿಗೆ ಫಕ್ಕೀರಪ್ಪ ಬಂದ. ವ್ಯಾಪಾರದ ಮಾತು ಮುಗೀತು, ದುಡ್ಡು ಎಣಿಸಿ ಆಯ್ತು. "ಹೊದಿಕೆ ಎಲ್ಲಾ ಎಲ್ಲಿ ಅದಾವರೀ ಯವ್ವಾ?" ಅಂತ ಕೇಳಿದ.

"ಹಿಂದೆ ಬಾಡೀಲೇ ಅವೆ. ಎಲ್ಲಾ ತಗೊಂಡು ಹೋಗಪ್ಪಾ," ಅಂದಳು ಹಾಲಮ್ಮ. ಬೀಗದ ಕೈಯನ್ನ ಮಷೀನಿನ ಮೇಲಿಂದಲೇ ಚಾಚಿದಳು. ಗಂಡನ ಗಾಡಿ ಹೊರಡೋದನ್ನ ನೋಡಬೇಕಾಗುತ್ತಲ್ಲ ಅಂತ, ಎದ್ದು ನೋಡಲಿಲ್ಲ. ಸದ್ದು ಮಾತ್ರ ಕೇಳಿಸಿಕೊಂಡಳು. ಒಂದನೇ ಗೇರು, ಎರಡನೇ ಗೇರು, ಆಮೇಲೆ ಹೆದ್ದಾರಿ.

ಎರಡು ತಟ್ಟೆ ಇಟ್ಟು ಊಟಕ್ಕೆ ಕಾದಳು. ಮಗ ಬರಲಿಲ್ಲ. ಭಟ್ಟಿ ಕಡೆ ವಿಚಾರಿಸಿದಳು, ಕೆರೆ ಏರಿಗೆ ಹೋಗಿ ಕೂಗಿದಳು. 'ತಿಪ್ಪೇಶೀ!' ಅಂದರೆ ಕೆರೆಯೂ 'ಶೀ' ಅಂತು. ಬಗ್ಗಿ ಬಗ್ಗಿ ನೀರು ನೋಡಿದಳು. 'ಮುಖ ತೋರಿಸಬೇಡ' ಅಂದಿದ್ದು ಯಾರಿಗೆ? ಹೇಳಿದ್ದನ್ನ ಹೇಳಿದಷ್ಟೇ ಮಾಡೋನಿಗೆ!

ಆಗ ಫೋನ್ ಬಂತು.

"ಯವ್ವಾ, ನಾ ಫಕ್ಕೀರಪ್ಪ. ಬಾಡ್ಯಾಗ ಹೊದಿಕೆ ಅಷ್ಟ ಅಲ್ಲ, ಹೊದಿಕೆ ಒಳಗ ಒಬ್ಬ ಮನಿಷಾ ಅದಾನಲ್ರೀ! ಯಾರೋ ನೀನು ಅಂದರ, ಮಾಲು ಅಂತಾನ. ಯಾರ ಮಾಲು ಅಂದರ, ನಮ್ಮವ್ವನ ಮಾಲು ಅಂತಾನ. ಇಳಿಯೋ ಅಂದರ, ಮುಖ ತೋರಿಸಂಗಿಲ್ಲ ಅಂತಾನ. ಎಳದರ ಒಳಗಿಂದ ಬಿಗಿ ಹಿಡಿದಾನ. ಓಣಿ ಮಂದಿ ಎಲ್ಲಾ ಕೂಡ್ಯಾರ, ಲಗೂನ ಬರ್ರಿ!"

ಹಾಲಮ್ಮ ಸಿಕ್ಕ ಬಸ್ಸು ಹತ್ತಿದಳು. ಬಸ್ಸಿನಲ್ಲಿ ನಗೋಕೆ ಹೋದಳು, ಆಗಲಿಲ್ಲ. ಅಳೋಕೆ ಹೋದಳು, ಪಕ್ಕದಲ್ಲಿ ಯಾರೋ ಕೂತಿದ್ದರು.

ಫಕ್ಕೀರಪ್ಪನ ಮನೆ ಮುಂದೆ ಜಾತ್ರೆಯಷ್ಟು ಜನ. ಪೇಂಟರ್ ಒಬ್ಬ ಆಗಲೇ ಗಾಡಿಯ ಹಣೆ ಮೇಲಿದ್ದ 'ಅಂಜಿನಪ್ಪ' ಅನ್ನೋ ಹೆಸರು ಕೆರೆದು, ಫಕ್ಕೀರಪ್ಪನ ಮಗಳ ಹೆಸರು ಅರ್ಧ ಬರೆದಿದ್ದ. ಹಾಲಮ್ಮ ಹಿಂದಕ್ಕೆ ಬಂದಳು. ಬಾಡಿಯ ಪಟ್ಟಿ ಹಿಡಿದು ಒಳಗೆ ನೋಡಿದಳು. ಅಷ್ಟು ಬಾಡಿಗೇಲಿ ಅದೇ ಮೊದಲ ಸಲ, ಎದ್ದು ಬಂದು ನೋಡಿದಳು.

ತಾನು ಹೊಲಿದದ್ದೆಲ್ಲ ಅಲ್ಲಿತ್ತು. ಒಣಗಿದ ಗೋಣಿ ಮಡಚಿ ತಲೆಯಡಿ ದಿಂಬಾಗಿತ್ತು. ಹಸಿರು ತಾಡಪಾಲು ಕಾಲಿನಿಂದ ಎದೆ ತನಕ, ಬಿಸಿಲಿಗೆ, ಹಗ್ಗ ಸಡಿಲ. ಮುಖದ ಮೇಲೆ ಬಲೆ ನಾಲ್ಕು ಮಡಿಕೆ, ಮುಖ ಕಾಣಬಾರದು, ಉಸಿರು ಆಡಬೇಕು. ಬದಿಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟು, ಒಂದು ಮೂಲೆ ಕೈಯಲ್ಲಿ ಹಿಡಿದಿದ್ದ, ಮಳೆ ಬಂದರೆ ಎಳೆದುಕೊಳ್ಳೋಕೆ.

ಹಾಲಮ್ಮ ಕೈ ಚಾಚಿ ಅವನ ಎದೆ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಮೇಲೆ ಕೆಳಗೆ ಆಡ್ತಿತ್ತು.

"ಇಳಿಸೋಳು ಬಂದಿದೀನಿ ಏಳಪ್ಪಾ," ಅಂದಳು.

"ಅವ್ವಾ? ಮುಖ ತೋರಿಸಲಾ?"

"ತೋರಿಸು ನನ್ನಪ್ಪಾ. ತೋರಿಸು."

ಬಲೆ ಸರಿಸಿದ. ಕೆನ್ನೆ ತುಂಬ ಬಲೆಯ ಗೆರೆ.

"ಇದಕ್ಕೆ ಇದು, ಇದಕ್ಕೆ ಇದು ಅಂತ ನಿನಗೆ ಯಾರೋ ಹೇಳಿಕೊಟ್ಟೋರು?"

"ಯಾರೂ ಇಲ್ಲವ್ವಾ. ಈ ಸಲ ಒಳಗೆ ನಾನೇ ಇದ್ದೆನಲ್ಲ. ಏನು ಬೇಕು ಅಂತ ತಿಳೀತು."

ಹಾಲಮ್ಮ ಗಾಡಿಯ ಪಟ್ಟಿ ಹಿಡಿದುಕೊಂಡು ನಿಂತಳು. ಆಮೇಲೆ ಫಕ್ಕೀರಪ್ಪನ ಕಡೆ ತಿರುಗಿ, "ಅಪ್ಪಾ, ಗಾಡಿ..." ಅಂದಳು.

ಫಕ್ಕೀರಪ್ಪ ಕೆಟ್ಟೋನಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಗಾಡಿಯ ಮುಂದೆ ಅವನ ಪುಟ್ಟ ಮಗಳು ತನ್ನ ಹೆಸರಿನ ಹಸಿ ಬಣ್ಣವನ್ನ ಬೆರಳಲ್ಲಿ ಮುಟ್ಟಿ ಮುಟ್ಟಿ ಕುಣೀತಿದ್ದಳು. "ಯವ್ವಾ, ನೀವು ಮುಂಜಾನೇನ ಒಂದು ಮಾತು ಅಂದಿದ್ದರ..." ಅಂದ. ಹಾಲಮ್ಮ ಆ ಮಗುವನ್ನ ನೋಡಿದಳು. ಮಗನ ಕೈ ಹಿಡಿದು ಬಸ್ಸಿನ ದಾರಿ ಹಿಡಿದಳು.

ಬಸ್ ಸ್ಟ್ಯಾಂಡಿನಲ್ಲಿ ಮಗನ ಕೆನ್ನೆ ಸವರಿ ಹೇಳಿದಳು: "ಇನ್ನು ಯಾವತ್ತೂ ಹಂಗೆ ಮಾಡಬೇಡ. ನಿನ್ನ ಮುಖ ನನ್ನ ಕಣ್ಣಿಂದ ಮರೆಯಾಗಬಾರದು. ತಿಳೀತಾ?"

"ತಿಳೀತವ್ವಾ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹೇಳಿ ಆಗಿತ್ತು.

ಬಸ್ಸಿನಲ್ಲಿ ಹಾಲಮ್ಮ ಹೆಂಗಸರ ಸೀಟಿನಲ್ಲಿ ಕೂತಳು. ತಿಪ್ಪೇಶಿ ಎದುರಿಗೆ ನಿಂತ. ಹಿಂದೆ ಸೀಟು ಖಾಲಿಯಿತ್ತು, ಕೂರಲಿಲ್ಲ. ಕಂಡಕ್ಟರ್ ಬೈದ, ಕದಲಲಿಲ್ಲ. ಅವ್ವನಿಗೆ ಮುಖ ತೋರಿಸ್ತಾ, ಕಂಬಿ ಹಿಡಿದು, ಊರು ಬರೋ ತನಕ ನಿಂತೇ ಇದ್ದ. ಊರಲ್ಲಿ ಇಳಿದರು. ಹಾಲಮ್ಮ ಮುಂದೆ ನಡೆದರೆ, ಅವನು ಅವಳಿಗಿಂತ ಮುಂದೆ ಹೋಗಿ, ಅವಳ ಕಡೆ ತಿರುಗಿ, ಹಿಂದು ಹಿಂದಕ್ಕೆ ನಡೀತಾ ಬಂದ. ಭಟ್ಟಿಯೋರು ನಕ್ಕರು. ಶೆಡ್ಡಿನ ಹತ್ತಿರ ನಿಂತೋರು ನಕ್ಕರು.

"ನೇರ ನಡಿಯೋ, ಬಿದ್ದೀಯ!"

"ಮುಖ ಮರೆಯಾಗುತ್ತವ್ವಾ!"

ಹಾಗೇ ನಡೆದು ಮನೆ ಅಂಗಳಕ್ಕೆ ಬಂದರು. ಹಿಂದುಹಿಂದಕ್ಕೆ ಬಂದ ತಿಪ್ಪೇಶಿ, ದಿನಾ ಒರಗೋ ಹಾಗೆ ಗಾಡಿಗೆ ಒರಗಿ ನಿಲ್ಲೋಣ ಅಂತ ಬೆನ್ನು ಕೊಟ್ಟ.

ಅಲ್ಲಿ ಗಾಡಿ ಇರಲಿಲ್ಲ.

ದೊಪ್ಪನೆ ಅಂಗಾತ ಬಿದ್ದ, ಕಪ್ಪು ಆಯಿಲಿನ ಕಲೆ ಮೇಲೆ. ಬಿದ್ದಲ್ಲಿಂದಲೇ ಕತ್ತು ಎತ್ತಿ ಅವ್ವನಿಗೆ ಮುಖ ತೋರಿಸಿದ.

"ಅವ್ವಾ, ಇಲ್ಲಿ ಇತ್ತಲ್ಲ?"

ಹಾಲಮ್ಮ ಬೈಯೋಕೆ ಬಾಯಿ ತೆರೆದಳು. ಬುದ್ಧಿ ಹೇಳೋಕೆ ಬಾಯಿ ತೆರೆದಳು. ಎರಡನ್ನೂ ಬಿಟ್ಟಳು. ಸೆರಗು ಬಿಡಿಸಿಕೊಂಡು ಅವನ ಪಕ್ಕ ನೆಲಕ್ಕೆ ಕೂತಳು. ಇಳಿಬಿಸಿಲು ಅವನ ಕಣ್ಣಿಗೆ ಹೊಡೀತಿತ್ತು. ಸೆರಗಿನ ತುದಿ ಎತ್ತಿ, ಮುಖ ಮುಚ್ಚದ ಹಾಗೆ, ಬಿಸಿಲು ತಾಗದ ಹಾಗೆ, ಅಷ್ಟು ದೂರದಲ್ಲಿ ಹಿಡಿದಳು.

ಅವಳು ಹಾಗೇ ಹಿಡಿದು ಕೂತಿದಾಳೆ. ನಾವು ಏಳೋಣ, ನಮಗೂ ಮನೆ ಇದೆ.